ಮೆಟ್ಟಿಲಿಲ್ಲದ ಹಲಗೆ: ಪಿಟೀಲಿನ ಮೊದಲ ಪಾಠಗಳು



ಇಂಥ ದತ್ತಿ ಉಪನ್ಯಾಸಕ್ಕೆ ಕಛೇರಿಗಳಲ್ಲಿ ಹೆಸರು ಮಾಡಿದ ವಿದ್ವಾಂಸರನ್ನು ಕರೆಯುವುದು ವಾಡಿಕೆ. ನಾನು ವೇದಿಕೆ ಹತ್ತಿದ್ದು ಕಡಿಮೆ. ಮೈಸೂರಿನ ಒಂದು ಬಡಾವಣೆಯಲ್ಲಿ, ಮನೆಯ ಮುಂಭಾಗದ ಕೋಣೆಯಲ್ಲಿ ಚಾಪೆ ಹಾಸಿ, ಮೂವತ್ತೊಂದು ವರ್ಷದಿಂದ ಪಿಟೀಲು ಹೇಳಿಕೊಡುತ್ತಾ ಬಂದಿದ್ದೇನೆ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಮೊದಲ ಸಲ ವಾದ್ಯ ಮುಟ್ಟುವವರು. ಆರು ವರ್ಷದ ಮಕ್ಕಳಿದ್ದಾರೆ, ಅರವತ್ತು ದಾಟಿದ ಹಿರಿಯರಿದ್ದಾರೆ. ಆದ್ದರಿಂದ ಇಂದು ನಾನು ಬಲ್ಲ ಒಂದೇ ವಿಷಯ ಮಾತಾಡುತ್ತೇನೆ: ಮೊದಲ ವರ್ಷದ ಪಾಠ. ಆ ವರ್ಷ ಕಿವಿಗೆ ಮತ್ತು ಬಲಗೈಗೆ ಸೇರಿದ್ದು. ಅದನ್ನು ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು ಕಲಿಸಬೇಕು. ಕಲಿಯುವವರ ವಯಸ್ಸು ಎಷ್ಟೇ ಇರಲಿ. ಇಷ್ಟೇ ನನ್ನ ಮಾತು. ಉಳಿದದ್ದೆಲ್ಲ ಇದಕ್ಕೆ ಕಾರಣ.

ಈ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ. ಪಿಟೀಲು ಹಿಡಿದಾಗ ನನಗೆ ಒಂಬತ್ತು ವರ್ಷ. ಕಲಿಸುತ್ತಿದ್ದವರು ಪ್ರೀತಿಯವರು, ಆದರೆ ಹದಿನಾಲ್ಕು ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಳ್ಳುತ್ತಿದ್ದರು. ಹದಿನಾಲ್ಕು ಕಮಾನು ಒಟ್ಟಿಗೆ ಎದ್ದು ಇಳಿಯುವಾಗ ನನ್ನ ಸ್ವರ ನನಗೇ ಕೇಳಿಸುತ್ತಿರಲಿಲ್ಲ. ಪಕ್ಕದವಳ ಬೆರಳು ನೋಡಿ ನನ್ನ ಬೆರಳು ಇಡುತ್ತಿದ್ದೆ. ಜೂನಿಯರ್ ಪರೀಕ್ಷೆ ಹತ್ತಿರ ಬಂದಾಗ ಗೀತೆ, ಸ್ವರಜತಿ, ವರ್ಣ, ಕೃತಿ ಎಲ್ಲವೂ ಒಂದರ ಮೇಲೊಂದು ಬಂದವು. ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಮನೆಯಲ್ಲಿ ಶಾವಿಗೆ ಪಾಯಸ ಮಾಡಿದರು. ಹದಿನೇಳನೆಯ ವಯಸ್ಸಿನಲ್ಲಿ ಇನ್ನೊಬ್ಬ ಹಿರಿಯರ ಬಳಿ ಹೋದಾಗ ಅವರು ವರ್ಣ ಕೇಳಲಿಲ್ಲ. ತಂಬೂರಿ ಶ್ರುತಿ ಮಾಡಿ, ‘ಸರಳೆ ನುಡಿಸಮ್ಮ’ ಅಂದರು. ಮೊದಲ ಸಾಲು ಮುಗಿಯುವ ಮುನ್ನ ಕೈ ಅಡ್ಡ ಹಿಡಿದು ನಿಲ್ಲಿಸಿದರು. ‘ಮಗೂ, ನಿನ್ನ ಗಾಂಧಾರ ತಗ್ಗಿದೆ. ಇಷ್ಟು ವರ್ಷ ಯಾರೂ ಹೇಳಲಿಲ್ಲವೇ?’ ಎಂಟು ವರ್ಷದಿಂದ ತಗ್ಗಿದ ಗಾಂಧಾರದಲ್ಲೇ ನಾನು ನುಡಿಸುತ್ತಿದ್ದೆ. ಅದನ್ನು ಮೇಲೆತ್ತಲು ಎರಡು ವರ್ಷ ಹಿಡಿಯಿತು. ಬೆರಳು ತಾನು ಕಲಿತ ಜಾಗಕ್ಕೇ ಹೋಗಿ ಕೂರುತ್ತಿತ್ತು. ಆ ಎರಡು ವರ್ಷ ನಾನು ಅತ್ತದ್ದಕ್ಕೆ ನಮ್ಮಮ್ಮ ಸಾಕ್ಷಿ.

ಪಿಟೀಲಿನಲ್ಲಿ ಇದು ಯಾಕೆ ಹೀಗಾಗುತ್ತದೆ? ವೀಣೆಯಲ್ಲಿ ಇಪ್ಪತ್ತನಾಲ್ಕು ಮೆಟ್ಟಿಲುಗಳಿವೆ. ಮೇಣದಲ್ಲಿ ಅವನ್ನು ಸರಿಯಾಗಿ ಕೂರಿಸಿದ್ದರೆ ಬೆರಳಿಟ್ಟವರಿಗೆ ಸ್ವರಸ್ಥಾನ ಸಿಗುತ್ತದೆ. ಹಾರ್ಮೋನಿಯಂನಲ್ಲಿ ಮನೆ ಒತ್ತಿದರೆ ಸಾಕು. ಪಿಟೀಲಿನ ಹಲಗೆ ಮಾತ್ರ ನುಣ್ಣಗೆ, ಕಪ್ಪಗೆ, ಯಾವ ಗುರುತೂ ಇಲ್ಲದೆ ಬಿದ್ದಿದೆ. ಬೆರಳು ಕೂದಲೆಳೆಯಷ್ಟು ಹಿಂದಾದರೆ ಸ್ವರ ಇಳಿಯಿತು, ಮುಂದಾದರೆ ಏರಿತು. ಗಮಕವನ್ನು ಕಂಠದಂತೆ ನುಡಿಸಲು ಸಾಧ್ಯವಾಗಿದ್ದೂ ಈ ನುಣುಪಿನಿಂದಲೇ. ಕರ್ನಾಟಕ ಸಂಗೀತ ಈ ಪರದೇಶದ ವಾದ್ಯವನ್ನು ಇನ್ನೂರು ವರ್ಷದಿಂದ ಎದೆಗಪ್ಪಿಕೊಂಡಿರುವುದೂ ಅದರಿಂದಲೇ. ಮೆಟ್ಟಿಲು ಮಾಡುವ ಕೆಲಸವನ್ನು ಇಲ್ಲಿ ಕಿವಿ ಮಾಡಬೇಕು. ಆ ಕಿವಿ ತಯಾರಾಗುವವರೆಗೆ ಗುರುವಿನ ಕಿವಿಯೇ ಶಿಷ್ಯನ ಕಿವಿ. ಒಂದು ಕಿವಿ ಹದಿನಾಲ್ಕು ಪಿಟೀಲನ್ನು ಒಟ್ಟಿಗೆ ಕಾಯಲಾರದು.

ಹಲಗೆಯ ಮೇಲೆ ಬಣ್ಣದ ಟೇಪು ಅಂಟಿಸುವ ಪದ್ಧತಿ ಈಗ ಬಹಳ ಇದೆ. ತಪ್ಪೆನ್ನಲಾರೆ, ತೀರಾ ಚಿಕ್ಕ ಮಕ್ಕಳಿಗೆ ನಾನೂ ಕೆಲವು ವಾರ ಹಾಕಿದ್ದುಂಟು. ಆದರೆ ಟೇಪು ಇರುವಷ್ಟು ದಿನ ಮಗು ನೋಡುತ್ತದೆ, ಕೇಳುವುದಿಲ್ಲ. ಅದರ ಬದಲು ನಾನು ಇನ್ನೊಂದನ್ನು ತೋರಿಸುತ್ತೇನೆ. ನಮ್ಮ ಪಿಟೀಲಿನ ನಾಲ್ಕು ತಂತಿಗಳನ್ನು ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮ ಎಂದು ಶ್ರುತಿ ಮಾಡುತ್ತೇವೆ. ಕೊನೆಯ ಪಂಚಮದ ತಂತಿಯ ಮೇಲೆ ಮೂರನೆಯ ಬೆರಳಿಟ್ಟರೆ ತಾರ ಷಡ್ಜ. ಅದು ಕರಾರುವಾಕ್ಕಾಗಿ ಬಿದ್ದರೆ, ಕಮಾನು ಮುಟ್ಟದ ಪಕ್ಕದ ಷಡ್ಜದ ತಂತಿ ತಾನಾಗಿ ಮಿಡಿಯುತ್ತದೆ. ಒಂದು ತೆಳು ಕಾಗದದ ಚೂರನ್ನು ಮಡಿಸಿ ಆ ತಂತಿಯ ಮೇಲೆ ಕೂರಿಸುತ್ತೇನೆ. ನಟ್ಟನಡುವೆ ಕೂರಿಸಿದರೆ ಅಲುಗುವುದಿಲ್ಲ. ತಂತಿಯ ಕಾಲು ಭಾಗದಲ್ಲಿ ಇಡಬೇಕು, ಆ ನಾದಕ್ಕೆ ತಂತಿ ಎರಡು ತುಂಡಾಗಿ ತೂಗುವುದರಿಂದ ನಡುವಿನ ಬಿಂದು ನಿಶ್ಚಲ. ಬೆರಳು ಸ್ವಲ್ಪ ತಪ್ಪಿದರೆ ಕಾಗದ ಸುಮ್ಮನಿರುತ್ತದೆ. ಬೆರಳು ಒಂದಿಷ್ಟು ಮುಂದೆ ಉರುಳಿ ಸರಿಯಾದ ಜಾಗ ಸಿಕ್ಕ ಕೂಡಲೇ ಕಾಗದ ನಡುಗುತ್ತದೆ. ಏಳು ವರ್ಷದ ಒಬ್ಬ ಹುಡುಗಿ ಇದನ್ನು ನೋಡಿ, ‘ಟೀಚರ್, ಆ ತಂತಿಗೂ ಕೇಳಿಸ್ತು!’ ಅಂದಳು. ಅಂದಿನಿಂದ ಅವಳು ಹಲಗೆ ನೋಡುವುದನ್ನು ಬಿಟ್ಟಳು.

ಪುರಂದರದಾಸರು ರೂಪಿಸಿದರೆಂದು ಪರಂಪರೆ ನಂಬಿರುವ ಸರಳೆ, ಜಂಟಿ, ಅಲಂಕಾರಗಳು ಮಾಯಾಮಾಳವಗೌಳದಲ್ಲಿವೆ. ಗಾಯನದ ಪಾಠವಾಗಿ ಹುಟ್ಟಿದ ಈ ಕ್ರಮ ಪಿಟೀಲಿಗೆ ಎಷ್ಟು ಒಗ್ಗುತ್ತದೆಂದು ಕಲಿಸುವಾಗಲೆಲ್ಲ ನನಗೆ ಬೆರಗು. ಷಡ್ಜದ ತಂತಿಯನ್ನು ಬಿಡಿಯಾಗಿ ನುಡಿಸಿದರೆ ಸ. ಮೊದಲ ಬೆರಳು ಬಿರಡೆಯ ಕಡೆಗೆ ಒರಗಿ ಶುದ್ಧ ರಿಷಭಕ್ಕೆ ಕೂರುತ್ತದೆ. ಎರಡನೆಯ ಬೆರಳು ದೂರ ಚಾಚಿ ಅಂತರ ಗಾಂಧಾರಕ್ಕೆ ಹೋಗುತ್ತದೆ; ಮೂರನೆಯದು ಅದಕ್ಕೆ ಅಂಟಿಕೊಂಡೇ ಶುದ್ಧ ಮಧ್ಯಮ. ಪಂಚಮದ ತಂತಿಗೆ ಬಂದರೆ ಪ, ದ, ನಿ, ಸ. ಅಲ್ಲೂ ಅದೇ ಕೈ, ಅದೇ ಅಂತರ, ಒಂದು ಕೂದಲೂ ವ್ಯತ್ಯಾಸವಿಲ್ಲ. ಒಂದೇ ಹಸ್ತವಿನ್ಯಾಸ ಕಲಿತರೆ ಇಡೀ ಸ್ಥಾಯಿ ಕೈಗೆ ಬಂತು. ಕಷ್ಟವಿರುವುದು ರಿಷಭದಿಂದ ಗಾಂಧಾರಕ್ಕೆ ಇರುವ ಆ ದೊಡ್ಡ ಹೆಜ್ಜೆಯಲ್ಲಿ. ಪುಟ್ಟ ಕೈಗಳು ಅಷ್ಟು ಚಾಚಲಾರದೆ ಗಾಂಧಾರವನ್ನು ಕೆಳಕ್ಕೆಳೆಯುತ್ತವೆ. ನನ್ನ ಗಾಂಧಾರ ತಗ್ಗಿದ್ದೂ ಹೀಗೆಯೇ. ಒಂಬತ್ತು ವರ್ಷದ ನನಗೆ ಅಕ್ಕನ ಪೂರ್ಣ ಅಳತೆಯ ಪಿಟೀಲನ್ನು ಕೊಟ್ಟಿದ್ದರು. ಆ ಕೈಗೆ ಅರ್ಧ ಅಥವಾ ಮುಕ್ಕಾಲು ಅಳತೆಯದು ಸಾಕಾಗಿತ್ತು. ವಾದ್ಯ ಕೊಳ್ಳುವ ತಂದೆತಾಯಿಗಳಿಗೆ ನನ್ನ ಬೇಡಿಕೆ: ‘ಮಗು ಬೆಳೆಯುತ್ತೆ, ದೊಡ್ಡದೇ ಇರಲಿ’ ಎಂದು ಅಂಗಿ ಕೊಂಡ ಹಾಗೆ ಪಿಟೀಲು ಕೊಳ್ಳಬೇಡಿ.

ಇನ್ನು ಬಲಗೈ. ನೋಡುವವರ ಕಣ್ಣೆಲ್ಲ ಎಡಗೈಯ ಬೆರಳುಗಳ ಮೇಲೆ. ನಾದ ಹುಟ್ಟುವುದು ಬಲಗೈಯಲ್ಲಿ. ರಾಳ ಸವರಿದ ಕುದುರೆ ಕೂದಲು ತಂತಿಯನ್ನು ಹಿಡಿಯುತ್ತದೆ, ತಂತಿ ಜಾರಿ ತಪ್ಪಿಸಿಕೊಳ್ಳುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಹಿಡಿ-ಬಿಡುಗಳ ಲೆಕ್ಕವೇ ನಾವು ಕೇಳುವ ಸ್ವರ. ಸರ್ ಸಿ.ವಿ. ರಾಮನ್ ಅವರನ್ನು ನಾವು ಬೆಳಕಿನ ವಿಜ್ಞಾನಿ ಎಂದೇ ಬಲ್ಲೆವು. 1933ರಲ್ಲಿ ಬೆಂಗಳೂರಿಗೆ ಬರುವ ಎಷ್ಟೋ ಮೊದಲು, ಕಲ್ಕತ್ತೆಯಲ್ಲಿದ್ದಾಗ ಅವರು ಪಿಟೀಲಿನ ತಂತಿಯ ಕಂಪನದ ಮೇಲೆ 1918ರಲ್ಲಿ ದೊಡ್ಡ ಪ್ರಬಂಧವನ್ನೇ ಬರೆದರು. ಆಮೇಲೆ ಯಂತ್ರದಿಂದ ಪಿಟೀಲು ನುಡಿಸಿ ಅಳೆದೂ ನೋಡಿದರು. ಕಮಾನು ಕುದುರೆಗೆ, ಅಂದರೆ ತಂತಿಗಳನ್ನು ಹೊತ್ತ ಆ ಮರದ ಸೇತುವೆಗೆ, ಹತ್ತಿರವಾದಷ್ಟೂ ಹೆಚ್ಚು ಒತ್ತಡ ಬೇಕು. ಕಮಾನಿನ ವೇಗ ಹೆಚ್ಚಿದರೂ ಹೆಚ್ಚು ಒತ್ತಡ ಬೇಕು. ವೇಗ, ಒತ್ತಡ, ಜಾಗ ಈ ಮೂರರ ಹದ ತಪ್ಪಿದರೆ ಕರಕರ ಎನ್ನುತ್ತದೆ, ಇಲ್ಲವೇ ಶಿಳ್ಳೆಯಂತೆ ಸೀಳುತ್ತದೆ. ರಾಮನ್ ಯಂತ್ರದಲ್ಲಿ ಅಳೆದ ಹದವನ್ನು ಕಲಿಯುವವರು ತೋಳಿನಲ್ಲಿ ಹುಡುಕಬೇಕು. ತೋಳು ಅದನ್ನು ಅವಸರದಲ್ಲಿ ಕಲಿಯುವುದಿಲ್ಲ.

ಈ ವಿಷಯದಲ್ಲಿ ನನಗೆ ಬಹಳ ಪ್ರಿಯವಾದ ಒಂದು ಪತ್ರವಿದೆ. 1760ರ ಮಾರ್ಚ್ 5ರಂದು ಇಟಲಿಯ ಪಾದುವಾದಿಂದ ಜ್ಯುಸೆಪ್ಪೆ ತಾರ್ತೀನಿ ಎಂಬ ಮಹಾನ್ ಪಿಟೀಲು ವಾದಕ, ವೆನಿಸ್ಸಿನ ಅನಾಥಾಲಯವೊಂದರಲ್ಲಿ ಸಂಗೀತ ಕಲಿಯುತ್ತಿದ್ದ ಹದಿಹರೆಯದ ಹುಡುಗಿ ಮದ್ದಲೇನಾ ಲೊಂಬಾರ್ದೀನಿಗೆ ಬರೆದದ್ದು. ಅದು ಇಡಿಯಾಗಿ ಒಂದು ಪಾಠ. ಅವಳು ಆಗಲೇ ಚೆನ್ನಾಗಿ ನುಡಿಸುತ್ತಿದ್ದವಳು. ಆದರೂ ತಾರ್ತೀನಿ ಹೇಳುವುದು ಕಮಾನಿನ ಬಗ್ಗೆ: ಬೆರಳಿಡದ ಬಿಡಿ ತಂತಿಯ ಮೇಲೆ ಕಮಾನನ್ನು ಉಸಿರಿನಷ್ಟು ಮೆಲ್ಲಗೆ ಇಟ್ಟು, ನಾದವನ್ನು ನಿಧಾನವಾಗಿ ಬೆಳೆಸಬೇಕು, ದಿನಕ್ಕೆ ಒಂದು ಗಂಟೆಯಾದರೂ, ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಆ ಹುಡುಗಿ ಮುಂದೆ ಯುರೋಪಿನ ಊರೂರುಗಳಲ್ಲಿ ನುಡಿಸಿದಳು, ಸ್ವಂತ ರಚನೆಗಳನ್ನೂ ಮಾಡಿದಳು. ಇನ್ನೂರ ಅರವತ್ತು ವರ್ಷದ ಹಿಂದಿನ ಆ ಪತ್ರದಲ್ಲಿರುವುದನ್ನೇ ನಾನು ಇಂದೂ ಚಾಪೆಯ ಮೇಲೆ ಹೇಳುತ್ತಿದ್ದೇನೆ. ಮೊದಲ ಆರು ವಾರ ನನ್ನಲ್ಲಿ ಬೆರಳಿಡುವ ಪಾಠವಿಲ್ಲ. ಸ, ಪ, ಸ, ಪ ಅಷ್ಟೇ. ಒಂದು ಕಮಾನಿಗೆ ನಾಲ್ಕು ಎಣಿಕೆ, ಆಮೇಲೆ ಎಂಟು, ಆಮೇಲೆ ಹದಿನಾರು. ‘ಮಗು ಇನ್ನೂ ಏನೂ ಕಲಿತೇ ಇಲ್ಲವಲ್ಲ’ ಎಂದು ತಂದೆತಾಯಿ ಕೇಳುತ್ತಾರೆ. ಅದು ಕಲಿಯುತ್ತಿರುವುದನ್ನು ಕೋಣೆಯ ಹೊರಗಿನಿಂದ ಕಣ್ಣುಮುಚ್ಚಿ ಕೇಳಿದರೆ ತಿಳಿಯುತ್ತದೆ.

ನಮ್ಮಲ್ಲಿ ಪಿಟೀಲು ಬೇರೂರಿದ ಕಥೆಯೂ ಒಂದು ಖಾಸಗಿ ಪಾಠದ ಕಥೆಯೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನ ಬಳಿಯ ಮಣಲಿಯಲ್ಲಿದ್ದಾಗ ಯುರೋಪಿನ ಶಿಕ್ಷಕರೊಬ್ಬರ ಬಳಿ ಈ ವಾದ್ಯ ಕಲಿತು, ಆಮೇಲೆ ಅದರಲ್ಲಿ ನಮ್ಮ ಸಂಗೀತ ನುಡಿಸಿದರು. ನಿಂತು, ಗಲ್ಲದಡಿ ಹಿಡಿಯುವ ವಾದ್ಯವನ್ನು ನಮ್ಮವರು ನೆಲದ ಮೇಲೆ ಕೂತು, ತುದಿಯನ್ನು ಬಲಪಾದದ ಗಂಟಿಗೆ ಊರಿ, ಹಿಂಬದಿಯನ್ನು ಎದೆಗೊರಗಿಸಿ ಹಿಡಿದರು. ವಾದ್ಯದ ಭಾರ ಪಾದಕ್ಕೂ ಎದೆಗೂ ಹೋದದ್ದರಿಂದ ಎಡಗೈ ಜಾರಲು ಸ್ವತಂತ್ರವಾಯಿತು. ಮೈಸೂರು ಸೀಮೆಯಲ್ಲಿ ಇದಕ್ಕೆ ಸಿಕ್ಕ ಶಿಖರ ಟಿ. ಚೌಡಯ್ಯನವರು. ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರ ಗುರುಕುಲದಲ್ಲಿ ಪಳಗಿ, ಮೈಕು ಇಲ್ಲದ ಕಾಲದಲ್ಲಿ ದೊಡ್ಡ ಸಭೆಗೂ ನಾದ ಮುಟ್ಟಲೆಂದು ನಾಲ್ಕು ತಂತಿಗೆ ಮತ್ತೆ ಮೂರು ಸೇರಿಸಿದವರು. ಅವರ ಹೆಸರಿನ, ಪಿಟೀಲಿನ ಆಕಾರದ ಭವನ ಬೆಂಗಳೂರಿನಲ್ಲಿದೆ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಆ ಕಟ್ಟಡಕ್ಕಿಂತ ಹೆಚ್ಚು ನೆನಪಾಗುವುದು ಕೃಷ್ಣಪ್ಪನವರು ಹಾಡುಗಾರರಾಗಿದ್ದರು ಎಂಬ ಸಂಗತಿ. ಹಾಡುಗಾರರೊಬ್ಬರು ಪಿಟೀಲುಗಾರನನ್ನು ಬೆಳೆಸಿದರು, ಕಿವಿಯ ಮೂಲಕ. ನನ್ನ ಪಾಠದಲ್ಲಿ ಹಾಡದೆ ಯಾವ ಸಾಲನ್ನೂ ನುಡಿಸಲು ಬಿಡುವುದಿಲ್ಲ. ಕಂಠ ಒರಟಾಗಿದ್ದರೂ ಚಿಂತೆಯಿಲ್ಲ, ಹಾಡಬೇಕು. ಬಾಯಲ್ಲಿ ಬಾರದ ಗಾಂಧಾರ ಬೆರಳಿಗೆ ಬರುವುದಿಲ್ಲ.

ವಯಸ್ಸಿನ ಪ್ರಶ್ನೆಗೆ ಬರುತ್ತೇನೆ. ಪ್ರತಿ ವಾರ ಯಾರಾದರೂ ಫೋನು ಮಾಡಿ, ‘ನನಗೆ ಐವತ್ತಾಯ್ತು, ಈಗ ಬರುತ್ತಾ ಮೇಡಂ?’ ಎಂದು ಸಂಕೋಚದಿಂದ ಕೇಳುತ್ತಾರೆ. ಸತ್ಯವನ್ನು ಪೂರ್ತಿ ಹೇಳಬೇಕು. 1995ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ, ತಂತಿವಾದ್ಯದವರ ಮಿದುಳಿನಲ್ಲಿ ಎಡಗೈ ಬೆರಳುಗಳಿಗೆ ಮೀಸಲಾದ ಭಾಗ ಇತರರಿಗಿಂತ ಹಿಗ್ಗಿರುವುದು, ಚಿಕ್ಕಂದಿನಲ್ಲಿ ಶುರುಮಾಡಿದವರಲ್ಲಿ ಅದು ಇನ್ನೂ ಹೆಚ್ಚಿರುವುದು ಕಂಡುಬಂತು. ನೋಡಿದ್ದು ಒಂಬತ್ತೇ ಮಂದಿ ವಾದಕರನ್ನು, ಆದರೂ ನಮ್ಮ ಅನುಭವಕ್ಕೆ ಹೊಂದುವ ಮಾತು. ಎಂಟು ವರ್ಷದ ಬೆರಳಿನ ಚುರುಕು ಐವತ್ತರಲ್ಲಿ ಬರುವುದಿಲ್ಲ. ದ್ರುತಕಾಲದ ಕಲ್ಪನಾಸ್ವರಕ್ಕೆ ಆಸೆಪಟ್ಟು ಬಂದವರಿಗೆ ನಾನು ಸುಳ್ಳು ಭರವಸೆ ಕೊಡುವುದಿಲ್ಲ.

ಆದರೆ ಹಿರಿಯರ ಬಳಿ ಮಕ್ಕಳಲ್ಲಿಲ್ಲದ ಒಂದು ಆಸ್ತಿ ಇದೆ. ನಲವತ್ತು ವರ್ಷ ಆಕಾಶವಾಣಿ ಕೇಳಿದ ಕಿವಿ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಅರವತ್ತೊಂದರಲ್ಲಿ ನನ್ನಲ್ಲಿಗೆ ಬಂದರು. ಮೊದಲ ದಿನ ಕಮಾನು ಹಿಡಿದ ಕೈ ನಡುಗುತ್ತಿತ್ತು. ಬೆರಳುಗಳೆಲ್ಲ ಪೆನ್ನು ಹಿಡಿದ ಹಾಗೆ ಬಿಗಿದಿದ್ದವು. ಕಿರುಬೆರಳನ್ನು ಕಡ್ಡಿಯ ಮೇಲೆ ಸುಮ್ಮನೆ ಕೂರಿಸಿ, ಹೆಬ್ಬೆರಳನ್ನು ಸ್ವಲ್ಪ ಬಾಗಿಸಿ, ಅವರ ಮೊಣಕೈ ಕೆಳಗೆ ನನ್ನ ಅಂಗೈ ಇಟ್ಟು, ‘ಭಾರವನ್ನೆಲ್ಲ ನನ್ನ ಕೈ ಮೇಲೆ ಬಿಡಿ ಸಾರ್’ ಅಂದೆ. ಬಿಡಲು ಅವರಿಗೆ ಮೂರು ವಾರ ಬೇಕಾಯಿತು. ತೋಳು ಸಡಿಲವಾದ ದಿನ ಷಡ್ಜ ತುಂಬಿ ಬಂತು. ಅವರು ಕಮಾನು ಇಳಿಸಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಸ್ವರ ಶುರುಮಾಡಿದಾಗ ತಪ್ಪು ಗಾಂಧಾರವನ್ನು ನಾನು ಹೇಳುವ ಮೊದಲೇ ಮುಖ ಕಿವುಚಿ ತಿದ್ದಿಕೊಳ್ಳುತ್ತಿದ್ದರು. ಹದಿನೇಳರಲ್ಲಿ ನನಗಿರದ ಕಿವಿ ಅದು. ನೆಲದ ಮೇಲೆ ಕೂರಲು ಮಂಡಿ ಒಪ್ಪದವರಿಗೆ ಜಮಖಾನೆ ಮಡಿಸಿ ಸೊಂಟದಡಿ ಕೊಡುತ್ತೇನೆ. ಅದೂ ಆಗದಿದ್ದರೆ ಕುರ್ಚಿ, ಬಲಗಾಲಿಗೆ ಒಂದು ಮಣೆ. ವಾದ್ಯಕ್ಕೆ ಇದರಿಂದ ಅಗೌರವವೇನೂ ಆಗುವುದಿಲ್ಲ.

ಜಪಾನಿನ ಶಿನಿಚಿ ಸುಜುಕಿ ಮಕ್ಕಳಿಗೆ ಪಿಟೀಲು ಕಲಿಸುವುದರಲ್ಲಿ ಲೋಕಪ್ರಸಿದ್ಧರು. ಮಾತೃಭಾಷೆ ಕಲಿತಂತೆ ಕೇಳಿ ಕೇಳಿ ಕಲಿಯಬೇಕೆಂದು 1946ರಲ್ಲಿ ಮತ್ಸುಮೊತೊ ಊರಿನಲ್ಲಿ ಶಾಲೆ ತೆರೆದರು. ಮಗುವಿಗಿಂತ ಮೊದಲು ತಾಯಿ ಒಂದಿಷ್ಟು ನುಡಿಸಲು ಕಲಿಯಬೇಕೆಂಬುದು ಅವರ ಕ್ರಮ. ಇಷ್ಟು ಹೇಳುವವರು ಇನ್ನೊಂದನ್ನು ಹೇಳಲು ಮರೆಯುತ್ತಾರೆ. ಅವರ ತಂದೆಯದೇ ನಗೋಯಾದಲ್ಲಿ ಪಿಟೀಲು ಕಾರ್ಖಾನೆ. ಆದರೂ ಸುಜುಕಿ ವಾದ್ಯ ಕೈಗೆತ್ತಿಕೊಂಡದ್ದು ಹದಿನೇಳರ ಹೊತ್ತಿಗೆ, ಪಿಟೀಲು ವಾದಕ ಮಿಶಾ ಎಲ್ಮನ್ ಅವರ ಒಂದು ಧ್ವನಿಮುದ್ರಿಕೆ ಕೇಳಿ. ತಾಯಿಯ ಕ್ರಮವನ್ನು ನಾನು ಸ್ವಲ್ಪ ಮಟ್ಟಿಗೆ ಅನುಸರಿಸುತ್ತೇನೆ. ಮಗುವನ್ನು ಬಿಟ್ಟು ಹೋಗುವ ಅಮ್ಮನನ್ನೋ ಅಜ್ಜನನ್ನೋ ಒಳಗೆ ಕರೆದು ಕೂರಿಸುತ್ತೇನೆ. ಹಾಗೆ ಮೂಲೆಯಲ್ಲಿ ಕೂತ ಒಬ್ಬ ತಾಯಿ ವರ್ಷದ ಕೊನೆಗೆ, ‘ನನಗೂ ಹೇಳಿಕೊಡ್ತೀರಾ?’ ಎಂದರು. ಅವರ ಬಾಲ್ಯದಲ್ಲಿ ಮನೆಗೆ ಬರುತ್ತಿದ್ದ ಮೇಷ್ಟರು ಅಣ್ಣನಿಗೆ ಮಾತ್ರ ಪಾಠ ಹೇಳುತ್ತಿದ್ದರಂತೆ. ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರಂತೆ. ಈಗ ಅವರು ಮಗನಿಗಿಂತ ಚೆನ್ನಾಗಿ ಜಂಟಿವರಸೆ ನುಡಿಸುತ್ತಾರೆ.

ಹೊರದೇಶದ ನಮ್ಮ ಮಕ್ಕಳ ಪಾಠದ ಬಗ್ಗೆ ಒಂದು ಮಾತು. ನ್ಯೂಜೆರ್ಸಿಯ ಇಬ್ಬರು ನನಗೆ ಬೆಳಗಿನ ಆರೂವರೆಗೆ ಸಿಗುತ್ತಾರೆ. ಅವರಿಗದು ಹಿಂದಿನ ರಾತ್ರಿ. ವಿಡಿಯೋ ಕರೆಯಲ್ಲಿ ಒಟ್ಟಿಗೆ ನುಡಿಸಲಾಗದು, ದನಿ ತಡವಾಗಿ ಬರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಕರೆಯ ಸಾಫ್ಟ್‌ವೇರು ಮಾತನ್ನು ಉಳಿಸಿಕೊಂಡು ಸದ್ದನ್ನು ಅಳಿಸುತ್ತದೆ. ತಂಬೂರಿಯ, ನೀಳ ಕಮಾನಿನ ಒಂದೇ ಸಮನಾದ ನಾದವನ್ನು ಅದು ಫ್ಯಾನಿನ ಸದ್ದೆಂದು ತಿಳಿದು ಕತ್ತರಿಸುತ್ತದೆ! ಝೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆ ಹಾಕಿಕೊಂಡರೆ ಇದು ತಪ್ಪುತ್ತದೆ. ಬಹಳ ಮಂದಿಗೆ ಗೊತ್ತಿಲ್ಲ. ಆದರೂ ಮೊಣಕೈ ಕೆಳಗೆ ಅಂಗೈ ಇಡುವುದಕ್ಕೆ ಯಾವ ಆಯ್ಕೆಯೂ ಇಲ್ಲ. ಮೊದಲ ಆರು ತಿಂಗಳಾದರೂ ಅಲ್ಲಿಯೇ ಹತ್ತಿರ ಯಾರಾದರೂ ಸಿಕ್ಕರೆ ಎದುರು ಕೂತು ಕಲಿಯಿರಿ, ಪಾಶ್ಚಾತ್ಯ ಪದ್ಧತಿಯವರಾದರೂ ಸರಿ, ಕಮಾನು ಎಲ್ಲರಿಗೂ ಒಂದೇ ಎಂದು ಹೇಳುತ್ತೇನೆ.

ಪರೀಕ್ಷೆಗಳನ್ನು ನಾನು ವಿರೋಧಿಸುವುದಿಲ್ಲ. ಜೂನಿಯರ್, ಸೀನಿಯರ್, ವಿದ್ವತ್ತು ನಮ್ಮ ರಾಜ್ಯದ ಊರೂರಿನ ಮಕ್ಕಳಿಗೆ ಒಂದು ಕ್ರಮ ಕೊಟ್ಟಿವೆ. ಆದರೆ ಎರಡನೆಯ ವರ್ಷಕ್ಕೇ ಅರ್ಜಿ ತುಂಬಿಸುವ ಅವಸರದಿಂದ ಎಷ್ಟೋ ಗಾಂಧಾರಗಳು ಕೆಟ್ಟಿವೆ. ಮಗು ಮೂರು ವರ್ಷ ಅಲಂಕಾರದಲ್ಲೇ ಇದ್ದರೂ ಅದಕ್ಕೆ ನಷ್ಟವಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷ, ಪ್ರತಿದಿನ, ತಂಬೂರಿ ಹಾಕಿಕೊಂಡು. ಭಾನುವಾರ ಮೂರು ಗಂಟೆ ಒಟ್ಟಿಗೆ ಕೂತರೆ ಆ ಫಲ ಇಲ್ಲ.

ಒಬ್ಬೊಬ್ಬರಿಗೇ ಪಾಠ ಎಂದರೆ ಹಣವಿದ್ದವರಿಗೆ ಮಾತ್ರ ಎಂಬ ಆಕ್ಷೇಪ ನ್ಯಾಯವಾದದ್ದು. ನನ್ನ ಬಳಿ ವಾರಕ್ಕೆ ನಾಲ್ಕು ಹೊತ್ತನ್ನು ಶುಲ್ಕವಿಲ್ಲದ ಮಕ್ಕಳಿಗೆಂದು ತೆಗೆದಿಟ್ಟಿದ್ದೇನೆ. ಸಮಯ ಕೊಡಬಲ್ಲೆ, ವಾದ್ಯ ಕೊಡಲಾರೆ. ಬೆಳೆಯುವ ಮಗುವಿಗೆ ಎರಡು ವರ್ಷಕ್ಕೊಮ್ಮೆ ಅಳತೆ ಬದಲಾಗಬೇಕು; ಚಿಕ್ಕದಾದ ಪಿಟೀಲು ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಈ ಸಭೆಯಲ್ಲಿ ಕೂತವರ ಮನೆಗಳಲ್ಲೇ ಅಂಥ ಹತ್ತಿಪ್ಪತ್ತು ಇದ್ದಾವು: ವಿದೇಶಕ್ಕೆ ಹೋದ ಮಗಳ ಅರ್ಧ ಅಳತೆಯದು, ತೀರಿಹೋದ ತಾತನ ಪೂರ್ಣ ಅಳತೆಯದು. ದಯವಿಟ್ಟು ಅಟ್ಟದಿಂದ ಇಳಿಸಿ. ನಿಮ್ಮ ಬಡಾವಣೆಯಲ್ಲಿ ಪಿಟೀಲು ಹೇಳಿಕೊಡುವವರು ಯಾರೇ ಇರಲಿ, ಅವರ ಮನೆಗೆ ಮುಟ್ಟಿಸಿ. ಇಳಿಸುವಾಗ ಎರಡು ಎಚ್ಚರಿಕೆ: ಕಮಾನಿನ ಕೂದಲು ಬಿಗಿದಿದ್ದರೆ ತಿರುಪು ಸಡಿಲಿಸಿ. ತಂತಿ ಎಷ್ಟೇ ತುಕ್ಕು ಹಿಡಿದಿರಲಿ, ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ. ಕುದುರೆ ಜಾರಿ, ಒಳಗೆ ನಿಲ್ಲಿಸಿರುವ ಪುಟ್ಟ ಮರದ ಕಂಬ ಬಿದ್ದುಬಿಡುತ್ತದೆ. ಹಾಗೆಯೇ ತನ್ನಿ. ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.